ವ್ಯಾನಿಗೆ ಬೇರೆ ಡೀಸೆಲ್ ಇಂಜಿನ್ ಕೂರಿಸುವ ಮುನ್ನ ಹಲ್ಲು ಎಣಿಸಿರಿ



ವ್ಯಾನಿನ ಇಂಜಿನ್ ಸವೆದು ಎಣ್ಣೆ ಕುಡಿಯಲು, ನೀಲಿ ಹೊಗೆ ಉಗುಳಲು ಹತ್ತಿತೆಂದರೆ ಮಾಲೀಕನ ಮುಂದೆ ಎರಡು ದಾರಿಗಳಿರುತ್ತವೆ. ಅದೇ ಇಂಜಿನ್ನಿಗೆ ಬೋರು ಮಾಡಿಸಿ ಹೊಸ ಪಿಸ್ಟನ್, ರಿಂಗು ಹಾಕಿಸುವುದು ಒಂದು. ಗುಜರಿಗೆ ಬಿದ್ದ ಬೇರೆ ಗಾಡಿಯ ಡೀಸೆಲ್ ಇಂಜಿನ್ ತಂದು ಕೂರಿಸುವುದು ಇನ್ನೊಂದು. ಎರಡನೆಯ ದಾರಿ ಹಿಡಿದವರು ಅಂಗಡಿಯಲ್ಲಿ ಮೊದಲು ಕೇಳುವುದು, "ಇದು ಎಷ್ಟು ಹಾರ್ಸ್ ಪವರ್?" ಎಂದು. ಕೇಳಲಿ. ಆದರೆ ಅದಕ್ಕಿಂತ ಮುಂಚೆ ಕೇಳತಕ್ಕ ಮಾತು ಬೇರೆ ಇದೆ. ಈ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತಿನಲ್ಲಿ ಚೆನ್ನಾಗಿ ಎಳೆಯುತ್ತದೆ? ನನ್ನ ಗಾಡಿಯ ಗೇರು ಹಲ್ಲುಗಳು ಆ ಸುತ್ತಿಗೆ ಹೊಂದುತ್ತವೆಯೇ? ಮಾಲು ತುಂಬಿದ ಗಾಡಿ ಯಾವ ರಸ್ತೆಯಲ್ಲಿ ಓಡಬೇಕಾಗಿದೆ?

ನಾನು ಕೃಷಿ ಡಿಪ್ಲೊಮಾ ಓದಿದವನು, ಮೋಟಾರು ಮೇಸ್ತ್ರಿಯಲ್ಲ. ಇಂಜಿನ್ ಬಿಚ್ಚುವ ವಿದ್ಯೆ ಕಲಿಸಲು ಇದನ್ನು ಬರೆಯುತ್ತಿಲ್ಲ. ಆದರೆ ಹಣ ಕೊಡುವವರು ತಾವು. ಬೀಜ ಕೊಳ್ಳುವಾಗ ಮೊಳಕೆಯ ಪ್ರಮಾಣ ಕೇಳುವ ರೈತನು ಇಂಜಿನ್ ಕೊಳ್ಳುವಾಗ ಹಲ್ಲಿನ ಲೆಕ್ಕ ಕೇಳಬಾರದೆಂದೇನೂ ಇಲ್ಲ. ಕೂಡಿಸಿ ಗುಣಿಸಿ ಭಾಗಿಸಲು ಬಂದರೆ ಸಾಕು, ಈ ಲೆಕ್ಕ ಬರುತ್ತದೆ.

ಮೊದಲು ರಸ್ತೆಯ ವಿಚಾರ. ಅಂಕೋಲೆಯಿಂದ ಕಾರವಾರದ ಭಾನುವಾರದ ಸಂತೆಗೆ ತರಕಾರಿ ಒಯ್ಯುವ ಗಾಡಿಗೆ ಕಡಲ ಬದಿಯ ಹೆದ್ದಾರಿಯಿದೆ. ಅಲ್ಲಲ್ಲಿ ಗುಡ್ಡದ ಸಣ್ಣ ಏರುಗಳನ್ನು ಬಿಟ್ಟರೆ ಉಳಿದುದು ಮಟ್ಟಸ ರಸ್ತೆ. ಅದೇ ಗಾಡಿ ಮೇ ತಿಂಗಳಲ್ಲಿ ಕರಿ ಇಶಾಡ ಮಾವಿನ ಬುಟ್ಟಿಗಳನ್ನು ಹೊತ್ತು ಹುಬ್ಬಳ್ಳಿಗೆ ಹೊರಟರೆ ಕಥೆ ಬೇರೆ. ಗಂಗಾವಳಿ ಹೊಳೆಯ ಕಣಿವೆ ಹಿಡಿದು ಸುಂಕಸಾಳ, ರಾಮನಗುಳಿ, ಗುಳ್ಳಾಪುರ ದಾಟಿ ಅರಬೈಲು ಘಟ್ಟ ಹತ್ತಬೇಕು. ಕಡಲಮಟ್ಟದಲ್ಲಿರುವ ಅಂಕೋಲೆಯಿಂದ ಸುಮಾರು 540 ಮೀಟರ್ ಎತ್ತರದ ಯಲ್ಲಾಪುರಕ್ಕೆ ಗಾಡಿ ಏರಬೇಕು, ಮತ್ತು ಆ ಏರಿನ ಬಹುಪಾಲು ಘಟ್ಟದ ತಿರುವುಗಳಲ್ಲೇ ಇದೆ. ಇಶಾಡಕ್ಕೆ 2023ರಲ್ಲಿ ಭೌಗೋಲಿಕ ಗುರುತಿನ ಮಾನ್ಯತೆ ಸಿಕ್ಕಿದೆ; ಹಣ್ಣಿನ ಹೆಸರು ದೊಡ್ಡದಾಗಿದೆ. ಸಿಪ್ಪೆ ಮಾತ್ರ ಮೊದಲಿನಂತೆಯೇ ತೆಳುವು. ಘಟ್ಟದ ನಡುವೆ ಕ್ಲಚ್ಚು ಸುಟ್ಟು ಗಾಡಿ ಒಂದು ಹಗಲು ನಿಂತರೆ ಬುಟ್ಟಿಯ ತಳದ ಹಣ್ಣು ಪೇಟೆಗೆ ಹೋಗುವ ಸ್ಥಿತಿಯಲ್ಲಿ ಉಳಿಯುವುದಿಲ್ಲ.

ಇನ್ನು ಗೇರಿನ ಕೆಲಸವೇನೆಂಬುದು. ಅಕ್ಕಿ ಗಿರಣಿಯಲ್ಲಿ ಇಂಜಿನ್ನಿನ ಸಣ್ಣ ಪುಲ್ಲಿಯಿಂದ ಗಿರಣಿಯ ದೊಡ್ಡ ಪುಲ್ಲಿಗೆ ಬೆಲ್ಟು ಹಾಕಿರುವುದನ್ನು ತಾವು ನೋಡಿದ್ದೀರಿ. ದೊಡ್ಡ ಪುಲ್ಲಿ ನಿಧಾನ ತಿರುಗುತ್ತದೆ, ಆದರೆ ಬಲವಾಗಿ ತಿರುಗುತ್ತದೆ. ಐದು ಸುತ್ತನ್ನು ಒಂದು ಸುತ್ತಾಗಿ ಇಳಿಸಿದರೆ, ಸವೆತದಲ್ಲಿ ಹೋಗುವುದನ್ನು ಬಿಟ್ಟು, ಬಲ ಐದು ಪಟ್ಟು ಆಗುತ್ತದೆ. ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ವ್ಯಾಪಾರ ಇದು. ವ್ಯಾನಿನಲ್ಲಿ ಈ ವ್ಯಾಪಾರ ಎರಡು ಕಡೆ ನಡೆಯುತ್ತದೆ. ಒಂದು ಗೇರ್ ಬಾಕ್ಸಿನಲ್ಲಿ. ಅದನ್ನು ಡ್ರೈವರನು ಕೈಯಿಂದ ಬದಲಿಸುತ್ತಾನೆ. ಇನ್ನೊಂದು ಹಿಂದಿನ ಅಚ್ಚಿನ ನಡುವೆ ಇರುವ ಗುಂಡಗಿನ ಹೌಸಿಂಗಿನೊಳಗೆ, ಕ್ರೌನ್ ಮತ್ತು ಪಿನಿಯನ್ ಎಂಬ ಜೋಡಿ ಹಲ್ಲುಚಕ್ರಗಳಲ್ಲಿ. ಅದು ಸದಾ ಒಂದೇ. ಇಂಜಿನ್ ಬದಲಿಸುವವರು ಮರೆಯುವುದು ಈ ಎರಡನೆಯದನ್ನೇ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ.

ಅದನ್ನು ಎಣಿಸುವ ರೀತಿ ಸುಲಭ. ಹೌಸಿಂಗು ಬಿಚ್ಚಿದ್ದರೆ ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿರಿ. 43 ಹಲ್ಲಿಗೆ 8 ಇದ್ದರೆ 5.38. 39ಕ್ಕೆ 8 ಇದ್ದರೆ 4.88. 47ಕ್ಕೆ 11 ಇದ್ದರೆ 4.27. 41ಕ್ಕೆ 11 ಇದ್ದರೆ 3.73. ಬಿಚ್ಚದೆಯೂ ಎಣಿಸಬಹುದು. ಮಟ್ಟಸ ನೆಲದಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಚಕ್ರಗಳಿಗೂ ನೆಲದಲ್ಲಿ ಉಳಿಯುವ ಹಿಂದಿನ ಚಕ್ರಕ್ಕೂ ಎರಡೂ ಕಡೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್ಲಿಗೆ ಹಾಕಿ, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿರಿ. ಅಚ್ಚಿನ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡದೆ ಬರಿಯ ಜಾಕನ್ನು ನಂಬಿ ಯಾರೂ ಗಾಡಿಯ ಕೆಳಗೆ ನುಸುಳಬಾರದು. ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಎತ್ತಿದ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿರಿ. ಅಷ್ಟರಲ್ಲಿ ಶಾಫ್ಟು ಐದು ಸುತ್ತು ಮುಗಿಸಿ ಮತ್ತೂ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ತಿರುಗಿದರೆ ಅದು 5.38. ಎರಡು ಸುತ್ತು ಏಕೆಂದರೆ, ಒಂದೇ ಚಕ್ರ ತಿರುಗಿ ಇನ್ನೊಂದು ನಿಂತಿರುವಾಗ ಕ್ರೌನು ಚಕ್ರದ ಅರ್ಧದಷ್ಟೇ ತಿರುಗುತ್ತದೆ. ಹಳೆಯ ಜೀಪಿನ ಮಾದರಿಯ ಗಾಡಿಗಳಲ್ಲಿ ಕೈಬ್ರೇಕು ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುವುದುಂಟು. ಅದನ್ನು ಬಿಡದಿದ್ದರೆ ಶಾಫ್ಟು ತಿರುಗಲಾರದು.

ಟಯರಿನ ಸುತ್ತಳತೆಯೂ ಬೇಕು. ಟಯರಿಗೊಂದು ಗುರುತು ಹಾಕಿ, ಮಾಲು ತುಂಬಿದ ಗಾಡಿಯನ್ನು ಒಂದು ಸುತ್ತು ಉರುಳಿಸಿ, ನೆಲದ ಮೇಲೆ ಟೇಪು ಹಿಡಿದು ಅಳೆಯಿರಿ.

ಈಗ ಲೆಕ್ಕ ಮಾಡೋಣ. ವ್ಯಾನು, ಮಾಲು, ಜನ ಎಲ್ಲ ಸೇರಿ 3,000 ಕಿಲೋ ಎನ್ನಿ. ಟಯರಿನ ಸುತ್ತಳತೆ 2.2 ಮೀಟರ್, ಅಂದರೆ ಅಚ್ಚಿನಿಂದ ನೆಲಕ್ಕೆ 35 ಸೆಂಟಿಮೀಟರ್. ಹತ್ತು ಅಡಿಗೆ ಒಂದು ಅಡಿ ಏರುವ ರಸ್ತೆಯನ್ನು ಲೆಕ್ಕಕ್ಕೆ ಹಿಡಿದಿದ್ದೇನೆ; ಇದು ಉದಾಹರಣೆಗಾಗಿ ಹಿಡಿದ ಏರು, ಅರಬೈಲಿನ ಅಳತೆಯಲ್ಲ. ಆ ಏರಿನಲ್ಲಿ ಗಾಡಿಯನ್ನು ಮೇಲೆ ಎಳೆಯಲು ತೂಕದ ಹತ್ತನೆಯ ಒಂದು ಪಾಲು, ಅಂದರೆ 300 ಕಿಲೋ ಎಳೆತ ಬೇಕು. ಚಕ್ರ ಉರುಳುವ ತಡೆಗೆ ಇನ್ನೊಂದು 60 ಕಿಲೋ ಸೇರಿಸಿರಿ. ಒಟ್ಟು 360. ಇದನ್ನು 0.35 ಮೀಟರಿನಿಂದ ಗುಣಿಸಿದರೆ ಚಕ್ರದಲ್ಲಿ ಬೇಕಾದ ತಿರುಗಿಸುವ ಬಲ 126 ಕಿಲೋ-ಮೀಟರ್ ಆಯಿತು. ಇದಕ್ಕೆ ಮೇಸ್ತ್ರಿಗಳು ಟಾರ್ಕ್ ಎನ್ನುತ್ತಾರೆ. ದಾರಿಯ ಕಿಲೋಮೀಟರಿಗೂ ಇದಕ್ಕೂ ಸಂಬಂಧವಿಲ್ಲ.

ತಾವು ತರಲಿರುವ ಇಂಜಿನ್ ನಿಮಿಷಕ್ಕೆ 2,000 ಸುತ್ತಿನಲ್ಲಿ 12 ಕಿಲೋ-ಮೀಟರ್ ಟಾರ್ಕು ಕೊಡುತ್ತದೆ ಎನ್ನಿ. ದಾರಿಯಲ್ಲಿ ಗೇರು, ಬೇರಿಂಗು, ಎಣ್ಣೆಗಳು ತಮ್ಮ ಪಾಲು ತಿಂದು ನೂರಕ್ಕೆ 85 ಚಕ್ರಕ್ಕೆ ಮುಟ್ಟಿದರೆ 10.2 ಉಳಿಯಿತು. 126ನ್ನು 10.2ರಿಂದ ಭಾಗಿಸಿದರೆ ಸುಮಾರು 12.4. ಅಂದರೆ ಗೇರ್ ಬಾಕ್ಸು ಮತ್ತು ಕ್ರೌನ್ ಪಿನಿಯನ್ ಎರಡೂ ಸೇರಿ ಇಂಜಿನ್ನಿನ ಬಲವನ್ನು 12.4 ಪಟ್ಟಿಗೆ ಕಡಿಮೆಯಿಲ್ಲದಂತೆ ಹೆಚ್ಚಿಸಬೇಕು. ತಮ್ಮ ಗೇರ್ ಬಾಕ್ಸಿನ ಮೊದಲ ಗೇರು 4.0, ಎರಡನೆಯದು 2.4, ಮೂರನೆಯದು 1.5, ನಾಲ್ಕನೆಯದು 1.0 ಇದ್ದರೆ ನೋಡಿರಿ: ಹಿಂದೆ 5.38 ಇದ್ದಾಗ ಎರಡನೆಯ ಗೇರಿನಲ್ಲಿ 12.9 ಸಿಗುತ್ತದೆ; ಗಾಡಿ ಎರಡನೆಯ ಗೇರಿನಲ್ಲೇ ಗಂಟೆಗೆ 20 ಕಿಲೋಮೀಟರಿನಂತೆ ಘಟ್ಟ ಹತ್ತುತ್ತದೆ. ಹಿಂದೆ 4.88 ಇದ್ದರೆ ಎರಡನೆಯ ಗೇರಿನಲ್ಲಿ ಸಿಗುವುದು 11.7 ಮಾತ್ರ. ಸಾಲದು. ಡ್ರೈವರನು ಮೊದಲ ಗೇರಿಗೆ ಇಳಿಯಬೇಕು, ವೇಗ ಹದಿಮೂರು-ಹದಿನಾಲ್ಕಕ್ಕೆ ಬೀಳುತ್ತದೆ. ಮೊದಲ ಗೇರಿಗೆ ಇಳಿಯದೆ ಎರಡನೆಯದರಲ್ಲೇ ಕ್ಲಚ್ಚು ಅರ್ಧ ಒತ್ತಿ ಹಟ ಹಿಡಿಯುವ ಡ್ರೈವರರೂ ಇದ್ದಾರೆ. ಘಟ್ಟದ ನೆತ್ತಿಯಲ್ಲಿ ಬರುವ ಸುಟ್ಟ ವಾಸನೆ ಆ ಹಟದ್ದು.

ಹಾಗಾದರೆ ಎಲ್ಲರೂ 5.38 ಹಾಕಿಸಿಕೊಳ್ಳಬೇಕೋ? ಇಲ್ಲ. ಮಟ್ಟಸ ರಸ್ತೆಯ ಲೆಕ್ಕವನ್ನೂ ಮಾಡಿರಿ. ಇಂಜಿನ್ 3,000 ಸುತ್ತಿನಲ್ಲಿದ್ದಾಗ ನಾಲ್ಕನೆಯ ಗೇರಿನಲ್ಲಿ ಗಾಡಿಯ ವೇಗ 5.38ಕ್ಕೆ ಗಂಟೆಗೆ 74 ಕಿಲೋಮೀಟರ್, 4.88ಕ್ಕೆ 81, 4.27ಕ್ಕೆ 93. ವರ್ಷದಲ್ಲಿ ಮುನ್ನೂರು ದಿನ ಅಂಕೋಲಾ-ಕಾರವಾರ ಓಡುವ ಗಾಡಿಗೆ 5.38 ಹಾಕಿದರೆ ಇಂಜಿನ್ ಇಡೀ ದಿನ ಕೂಗುತ್ತಿರುತ್ತದೆ, ಡೀಸೆಲ್ಲೂ ಹೆಚ್ಚು ಹೋಗುತ್ತದೆ. ಅಂಥ ಗಾಡಿ ವರ್ಷಕ್ಕೆ ನಾಲ್ಕು ಸಲ ಘಟ್ಟ ಹತ್ತುವಾಗ ಮೊದಲ ಗೇರಿನಲ್ಲಿ ಹೋದರೆ ನಷ್ಟವೇನೂ ಇಲ್ಲ. ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಹೋಗುವ ಗಾಡಿಯ ಮಾತು ಬೇರೆ. ಇವೆರಡೂ ಬೇಕೆನ್ನುವವರಿಗೆ ಐದು ಗೇರಿನ ಬಾಕ್ಸು ಉತ್ತಮ. ಐದನೆಯ ಗೇರು 0.8 ಇದ್ದರೆ 5.38ರ ಗಾಡಿಯೂ ಮಟ್ಟಸದಲ್ಲಿ 4.3ರ ಗಾಡಿಯಂತೆ ಓಡುತ್ತದೆ, ಘಟ್ಟದಲ್ಲಿ ತನ್ನ ಎಳೆತ ಉಳಿಸಿಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ ಹಣವಿದ್ದರೆ ಹೆಚ್ಚಿನ ಹಾರ್ಸ್ ಪವರಿಗಿಂತ ಇದಕ್ಕೆ ಖರ್ಚು ಮಾಡುವುದು ಮೇಲು.

ಟಯರಿನ ಮಾತೊಂದು ಉಳಿಯಿತು. ಗಾಡಿ ಎತ್ತರ ಕಾಣಲೆಂದು ದೊಡ್ಡ ಟಯರು ಹಾಕಿಸುವ ಹುಡುಗರಿಗೆ ಇದನ್ನು ತೋರಿಸಿರಿ. 2.2 ಮೀಟರಿನ ಜಾಗದಲ್ಲಿ 2.4 ಮೀಟರಿನ ಟಯರು ಬಂದರೆ 5.38ರ ಹಲ್ಲು 4.93ರಂತಾಗುತ್ತದೆ. ಘಟ್ಟಕ್ಕೆಂದು ಹಣ ಕೊಟ್ಟು ಹಾಕಿಸಿದ ಹಲ್ಲು ಟಯರಿನ ಅಂಗಡಿಯಲ್ಲಿ ಹೋಯಿತು.

ಇಂಜಿನ್ನಿನ ಜಾತಿಯಿಂದಲೂ ಲೆಕ್ಕ ಬದಲಾಗುತ್ತದೆ. ನಮ್ಮ ಹಿರಿಯರಿಗೆ ಬ್ಲಾಕಿನ ಜೀಪು ನೆನಪಿರಬಹುದು. 1952ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಪ್ರಾರಂಭವಾದ ಮೇಲೆ ಹಳ್ಳಿಗೆ ಸರಕಾರ ಬಂತೆಂದರೆ ಜೀಪು ಬಂತೆಂದೇ ಅರ್ಥವಾಗಿತ್ತು. ಆ ಕಾಲದ ಪೆಟ್ರೋಲ್ ಜೀಪುಗಳ ಅಚ್ಚಿನಲ್ಲಿ 5.38ರ ಹಲ್ಲು ಸಾಮಾನ್ಯ. ಪೆಟ್ರೋಲ್ ತುಟ್ಟಿಯಾದ ನಂತರ ಅಂಥ ಗಾಡಿಗಳಿಗೆ ಡೀಸೆಲ್ ಇಂಜಿನ್ ಹಾಕಿಸುವ ಪದ್ಧತಿ ದೇಶದಲ್ಲೆಲ್ಲ ಹಬ್ಬಿತು. ಟ್ರ್ಯಾಕ್ಟರ್ ಜಾತಿಯ, ನಿಮಿಷಕ್ಕೆ 2,200 ಸುತ್ತು ಮೀರದ ಇಂಜಿನ್ನನ್ನು 5.38ರ ಅಚ್ಚಿಗೆ ಜೋಡಿಸಿದರೆ ಗಾಡಿ ಗಂಟೆಗೆ 54 ಕಿಲೋಮೀಟರಿಗಿಂತ ಹೆಚ್ಚು ಓಡಲಾರದು. ಎಳೆಯುತ್ತದೆ, ಆದರೆ ಓಡುವುದಿಲ್ಲ. ನಿಧಾನ ತಿರುಗಿ ಬಲವಾಗಿ ಎಳೆಯುವ ಇಂಜಿನ್ನಿಗೆ ಕಡಿಮೆ ಅಂಕಿಯ ಹಲ್ಲು, ವೇಗವಾಗಿ ತಿರುಗುವ ಸಣ್ಣ ಇಂಜಿನ್ನಿಗೆ ಹೆಚ್ಚು ಅಂಕಿಯ ಹಲ್ಲು ಎಂಬುದನ್ನು ಇಲ್ಲಿಂದ ತಿಳಿಯಬೇಕು.

ಮ್ಯಾಟಡಾರ್ ವ್ಯಾನು ಉಳ್ಳವರಿಗೆ ಬೇರೆಯೇ ಮಾತು. ಬಜಾಜ್ ಟೆಂಪೋ ಕಂಪನಿ ತಯಾರಿಸುತ್ತಿದ್ದ ಈ ವ್ಯಾನು ಈಗ ತಯಾರಾಗುವುದಿಲ್ಲ. ಕಂಪನಿಯ ಹೆಸರೂ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದಾಯಿತು. ಮ್ಯಾಟಡಾರಿನಲ್ಲಿ ಎಳೆಯುವುದು ಮುಂದಿನ ಚಕ್ರಗಳು. ಗೇರ್ ಬಾಕ್ಸು, ಕ್ರೌನ್ ಪಿನಿಯನ್ ಎರಡೂ ಮುಂಭಾಗದಲ್ಲಿ ಒಂದಾಗಿ ಸೇರಿರುವುದರಿಂದ ಹಿಂದಿನ ಅಚ್ಚು ಬದಲಿಸಿ ಹಲ್ಲು ಹೊಂದಿಸುವ ದಾರಿ ಅಲ್ಲಿಲ್ಲ. ಆ ಗಾಡಿಗೆ ಅದರದೇ ಜಾತಿಯ ಇಂಜಿನ್ ಹುಡುಕುವುದು, ಇಲ್ಲವೇ ಇದ್ದುದನ್ನೇ ಬೋರು ಮಾಡಿಸುವುದು ಜಾಣತನ. ಅಲ್ಲದೆ ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಸರಿದು ಮುಂದಿನ ಚಕ್ರಗಳು ಹಗುರಾಗುತ್ತವೆ. ಮಳೆಗಾಲದ ಒದ್ದೆ ತಿರುವಿನಲ್ಲಿ ಚಕ್ರ ನಿಂತಲ್ಲೇ ತಿರುಗುವುದಕ್ಕೆ ಇದೇ ಕಾರಣ. ಇದಕ್ಕೆ ಇಂಜಿನ್ ಔಷಧವಲ್ಲ. ಭಾರದ ಮೂಟೆಗಳನ್ನು ಡ್ರೈವರನ ಬೆನ್ನಿಗೆ ತಾಗಿಸಿ ಇಡುವುದೇ ಔಷಧ.

ಬಿಡಿಭಾಗಗಳು

ಇಂಜಿನ್ ಒಂದನ್ನೇ ಕೊಳ್ಳಬೇಡಿರಿ. ಸಾಧ್ಯವಿದ್ದಲ್ಲಿ ಅದೇ ಗಾಡಿಯ ಗೇರ್ ಬಾಕ್ಸನ್ನೂ ಬೆಲ್ ಹೌಸಿಂಗನ್ನೂ ಜೊತೆಗೇ ಕೊಳ್ಳಿರಿ. ಬಿಡಿಬಿಡಿಯಾಗಿ ಕೊಂಡರೆ ಅಗ್ಗವೆಂದು ಕಾಣುತ್ತದೆ. ಆಮೇಲೆ ಲೇತಿನವನಿಗೆ ಕೊಡುವ ಹಣದಲ್ಲಿ ಆ ಅಗ್ಗವೆಲ್ಲ ಕರಗುತ್ತದೆ. ಬೇರೆ ಬೇರೆ ಗಾಡಿಯ ಇಂಜಿನ್ನು, ಗೇರ್ ಬಾಕ್ಸುಗಳನ್ನು ಜೋಡಿಸಲೇಬೇಕಾದಲ್ಲಿ ನಡುವಿನ ಅಡಾಪ್ಟರ್ ಪ್ಲೇಟನ್ನು ನಡುಬಿಂದು ಕೂದಲೆಳೆಯಷ್ಟೂ ತಪ್ಪದಂತೆ ಕೊರೆಸಬೇಕು. ತಪ್ಪಿದರೆ ಗೇರ್ ಬಾಕ್ಸಿನ ಶಾಫ್ಟು ಓರೆಯಾಗಿ ತಿರುಗಿ ಬೇರಿಂಗು ತಿಂಗಳೊಳಗೆ ಹೋಗುತ್ತದೆ. ಕ್ಲಚ್ ಪ್ಲೇಟಿನ ಹೊರ ಅಳತೆ ಫ್ಲೈವೀಲಿಗೆ ಹೊಂದಬೇಕು, ಒಳಗಿನ ಹಲ್ಲು ಗೇರ್ ಬಾಕ್ಸಿನ ಶಾಫ್ಟಿಗೆ ಹೊಂದಬೇಕು. ಶಾಫ್ಟಿನ ತುದಿ ಕೂರುವ ಪೈಲಟ್ ಬುಷ್ ಇರಬೇಕು. ಅದನ್ನು ಮರೆತ ಮೇಸ್ತ್ರಿ ಇಡೀ ಕೆಲಸವನ್ನು ಇನ್ನೊಮ್ಮೆ ಬಿಚ್ಚುತ್ತಾನೆ, ಕೂಲಿ ತಾವು ಕೊಡುತ್ತೀರಿ.

ಗೇರ್ ಬಾಕ್ಸಿನ ಉದ್ದ ಬದಲಾದರೆ ಪ್ರೊಪೆಲ್ಲರ್ ಶಾಫ್ಟು ಕತ್ತರಿಸಬೇಕು ಅಥವಾ ಉದ್ದ ಮಾಡಿಸಬೇಕು. ಇದನ್ನು ಊರ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬೇಡಿರಿ. ತೂಕ ಸಮ ಮಾಡುವ ಯಂತ್ರವಿರುವಲ್ಲಿಯೇ ಮಾಡಿಸಿರಿ. ಕ್ರೌನ್ ಮತ್ತು ಪಿನಿಯನ್ ಯಾವಾಗಲೂ ಜೋಡಿಯಾಗಿಯೇ ಬದಲಾಗತಕ್ಕದ್ದು, ಒಂದು ಹಳೆಯದು ಒಂದು ಹೊಸದು ಕೂಡದು. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಮುಂದೆ ಹಿಂದೆ ಎರಡೂ ಅಚ್ಚಿನಲ್ಲಿ ಒಂದೇ ಅಂಕಿಯ ಹಲ್ಲಿರಬೇಕು.

ನಮ್ಮ ಕಡಲ ದಂಡೆಯ ಗಾಡಿಗಳಿಗೆ ವಿಶೇಷವಾಗಿ ಹೇಳಬೇಕಾದುದು ತುಕ್ಕಿನ ವಿಷಯ. ಒಂದು ಕಾಲದಲ್ಲಿ ಮೀನು ಹೊತ್ತ ವ್ಯಾನಾದರೆ ಉಪ್ಪುನೀರು, ಮಂಜುಗಡ್ಡೆಯ ನೀರು ಸೋರಿ ಚಾಸಿಯ ಅಡ್ಡಪಟ್ಟಿಗಳನ್ನು ಒಳಗಿನಿಂದ ತಿಂದಿರುತ್ತದೆ. ಮೇಲೆ ಬಣ್ಣ ಹೊಳೆಯುತ್ತಿರುತ್ತದೆ. ಇಂಜಿನ್ ಕೂರುವ ಜಾಗದಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿರಿ. ಡಬ್ಬಿಯಂತೆ ಬಡಿದರೆ ಇಂಜಿನ್ನಿಗೆ ಮುಂಗಡ ಕೊಡುವುದನ್ನು ನಿಲ್ಲಿಸಿರಿ. ಡೀಸೆಲ್ ಇಂಜಿನ್ ಭಾರವೂ ಹೆಚ್ಚು, ಅದರ ನಡುಕವೂ ಹೆಚ್ಚು.

ಇಳಿಯುವ ವಿಚಾರ

ಏರುವುದರ ಬಗ್ಗೆ ಇಷ್ಟು ಬರೆದೆ. ಇಳಿಯುವುದು ಅದಕ್ಕಿಂತ ಗಂಭೀರ. ಪೆಟ್ರೋಲ್ ಗಾಡಿಯಲ್ಲಿ ಬ್ರೇಕಿಗೆ ನೆರವಾಗುವ ಬೂಸ್ಟರು ಇಂಜಿನ್ನಿನ ಹೀರುವಿಕೆಯಿಂದಲೇ ಕೆಲಸ ಮಾಡುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಸಾಮಾನ್ಯವಾಗಿ ಆ ಹೀರುವಿಕೆ ಸಿಗುವುದಿಲ್ಲ. ಅದಕ್ಕಾಗಿ ಬೇರೆ ವ್ಯಾಕ್ಯೂಮ್ ಪಂಪು ಬೇಕು. ಎಷ್ಟೋ ಇಂಜಿನ್ನುಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಗುಜರಿಯವನು ಆಲ್ಟರ್ನೇಟರನ್ನು ಬೇರೆ ಮಾರಿಕೊಂಡು ಇಂಜಿನ್ ಮಾತ್ರ ಕೊಟ್ಟನೆಂದರೆ ಬ್ರೇಕಿನ ಅರ್ಧ ಬಲ ಅಲ್ಲೇ ಉಳಿಯಿತು. ಪೆಡಲು ಕಲ್ಲಿನಂತೆ ಗಟ್ಟಿಯಾಗಿ ಗಾಡಿ ನಿಲ್ಲುವುದಿಲ್ಲ. ಮಟ್ಟಸ ರಸ್ತೆಯಲ್ಲಿ ಇದು ತಿಳಿಯದೆಯೂ ಹೋಗಬಹುದು, ಅರಬೈಲಿನ ಇಳಿಜಾರಿನಲ್ಲಿ ತಿಳಿಯುತ್ತದೆ. ಆದುದರಿಂದ ಇಂಜಿನ್ ಕೊಳ್ಳುವಾಗ ವ್ಯಾಕ್ಯೂಮ್ ಪಂಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿರಿ.

ಡೀಸೆಲ್ ಉಳಿಸಲೆಂದು ಘಟ್ಟದಲ್ಲಿ ಇಂಜಿನ್ ಆರಿಸಿ, ನ್ಯೂಟ್ರಲ್ ಮಾಡಿ ಗಾಡಿ ಬಿಡುವ ಚಾಳಿಯೊಂದಿದೆ. ಇಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಬೂಸ್ಟರಿನಲ್ಲಿ ಉಳಿದ ಹೀರುವಿಕೆ ಎರಡು ಮೂರು ಸಲ ಬ್ರೇಕು ಒತ್ತುವುದಕ್ಕೆ ಸಾಕಾಗುತ್ತದೆ, ಮುಂದಿನ ತಿರುವಿಗೆ ಇಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು, ಗೇರನ್ನು ಇಳಿಜಾರಿನ ಮುಂಚೆಯೇ ಹಾಕಬೇಕು. ಇನ್ನೊಂದು ಮಾತು: ಗವರ್ನರು ಡೀಸೆಲ್ಲನ್ನು ಮಾತ್ರ ತಡೆಯಬಲ್ಲದು, ಚಕ್ರಗಳು ಇಂಜಿನ್ನನ್ನು ದೂಡುವುದನ್ನು ತಡೆಯಲಾರದು. ನಿಧಾನ ತಿರುಗುವ ಇಂಜಿನ್ನಿಗೆ 5.38 ಹಾಕಿ, ಎರಡನೆಯ ಗೇರಿನಲ್ಲಿ ವೇಗ ಬಿಟ್ಟರೆ ಇಂಜಿನ್ ತನ್ನ ಮಿತಿ ಮೀರಿ ತಿರುಗಿ ಒಡೆಯಬಹುದು. ಹೊಸ ಜೋಡಣೆಯಲ್ಲಿ ಯಾವ ಗೇರಿಗೆ ಎಷ್ಟು ವೇಗ ಮಿತಿ ಎಂಬುದನ್ನು ಲೆಕ್ಕ ಹಾಕಿ ಚೀಟಿ ಬರೆದು ಡ್ರೈವರನ ಮುಂದೆ ಅಂಟಿಸಿರಿ.

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟೆಯ ಸಂತೆಗೆ ಬರುತ್ತಿದ್ದ ತರಕಾರಿ ಲಾರಿ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿ ಹತ್ತಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳು ತೀರಿಕೊಂಡರು. ಅದಕ್ಕೂ ಇಂಜಿನ್ನಿಗೂ ನಾನು ಸಂಬಂಧ ಕಲ್ಪಿಸುತ್ತಿಲ್ಲ. ಅವರು ಮಾಲಿನ ಜೊತೆ ಲಾರಿಯಲ್ಲೇ ಪ್ರಯಾಣ ಮಾಡುತ್ತಿದ್ದರು, ನಮ್ಮವರೂ ಹಾಗೆಯೇ ಮಾಡುತ್ತಾರೆ. ಹೊಸ ಇಂಜಿನ್ ಹಾಕಿದ ಗಾಡಿಗೆ ಬಲ ಬಂತೆಂದು ಮೂಟೆಗಳ ಮೇಲೆ ಇನ್ನೂ ನಾಲ್ಕು ಜನರನ್ನು ಹತ್ತಿಸಬೇಡಿರಿ.

ಕಾಗದಪತ್ರ

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ನೋಂದಣಿಯಲ್ಲಿ ನಮೂದಾದ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಆದುದರಿಂದ ಮುಂಗಡ ಕೊಡುವ ಮುನ್ನವೇ ಕಾರವಾರದ ಪ್ರಾದೇಶಿಕ ಸಾರಿಗೆ ಕಚೇರಿಗೆ ಹೋಗಿ, ಇಂಥ ಇಂಜಿನ್ನನ್ನು ಈ ಗಾಡಿಗೆ ಹಾಕಲು ಅನುಮತಿ ಸಿಗುವುದೇ ಎಂದು ಲಿಖಿತವಾಗಿ ಕೇಳಿರಿ. ಅದೇ ಕಂಪನಿಯ ಅದೇ ಜಾತಿಯ ಇಂಜಿನ್ನಾದರೆ ಕೆಲಸ ಸುಲಭ. ಬೇರೆ ಜಾತಿಯದಾದರೆ ಅನುಮತಿ ಸಿಗದೆಯೂ ಹೋಗಬಹುದು. ಮಾರುವವನಿಂದ ಇಂಜಿನ್ ನಂಬರು ಬರೆದ ರಸೀದಿ, ಆ ಗಾಡಿಯ ನೋಂದಣಿ ರದ್ದಾದ ಕಾಗದದ ನಕಲು ಪಡೆಯಿರಿ. ಕಳವಿನ ಇಂಜಿನ್ನಾದರೆ ಜವಾಬು ಹೇಳುವವರು ತಾವಾಗುತ್ತೀರಿ. ನೋಂದಣಿಯಲ್ಲಿ ಹೊಸ ನಂಬರು ಸೇರಿದ ಮೇಲೆ ವಿಮಾ ಕಂಪನಿಗೂ ತಿಳಿಸಿರಿ. ಕಾಗದದಲ್ಲಿ ಒಂದು ಇಂಜಿನ್, ಗಾಡಿಯಲ್ಲಿ ಇನ್ನೊಂದು ಇದ್ದರೆ ಅಪಘಾತದ ನಂತರ ಪರಿಹಾರದ ಹಣ ಬರುವುದು ಕಷ್ಟ.

ಕೆಲಸ ಮುಗಿದ ಮೇಲೆ ಮೊದಲ ವಾರ ಅರ್ಧ ಮಾಲಿನಲ್ಲಿ ಅಂಕೋಲಾ-ಕಾರವಾರ ಮಾತ್ರ ಓಡಿಸಿರಿ. 500 ಕಿಲೋಮೀಟರ್ ಆದ ಮೇಲೆ ಮೌಂಟಿಂಗಿನ, ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿಸಿ, ಗೇರ್ ಬಾಕ್ಸಿನ ಮತ್ತು ಹೌಸಿಂಗಿನ ಎಣ್ಣೆ ಇಳಿಸಿ ಬಿಳಿ ಬಟ್ಟೆಯ ಮೇಲೆ ನೋಡಿರಿ. ಬೂದಿಯಂಥ ನಯವಾದ ಕಬ್ಬಿಣದ ಪುಡಿ ಇದ್ದರೆ ಚಿಂತೆಯಿಲ್ಲ. ಚೂರು ಕಂಡರೆ ಗಾಡಿಯನ್ನು ಘಟ್ಟಕ್ಕೆ ಒಯ್ಯದೆ ನೇರವಾಗಿ ಮೇಸ್ತ್ರಿಯ ಬಳಿಗೆ ಒಯ್ಯಿರಿ. ಹಲ್ಲಿನ ಲೆಕ್ಕ ಹಾಕಲು ತೊಡಕಾದವರು ಕ್ರೌನ್ ಪಿನಿಯನ್ನಿನ ಹಲ್ಲುಗಳ ಸಂಖ್ಯೆ, ಟಯರಿನ ಸುತ್ತಳತೆ, ಇಂಜಿನ್ನಿನ ಮೇಲಿನ ತಗಡಿನಲ್ಲಿ ಬರೆದ ಸುತ್ತು ಇವಿಷ್ಟನ್ನು ಬರೆದುಕೊಂಡು ಲೆಕ್ಕ ಬಲ್ಲವರನ್ನು ಕಾಣಬಹುದು.